ಹೆಸರು, ಒಡಲು, ಸ್ಥಿತಿ

19ನೆಯ ಶತಮಾನದ ಮಧ್ಯಭಾಗದಲ್ಲಿ ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬೆಳೆದ ಹತ್ತಿಯು, ಸಿರ್ಸಿಯನ್ನು ದಾಟಿ, ದೇವಿಮನೆ ಘಟ್ಟವನ್ನಿಳಿದು, ಕುಮಟೆಯ ಬಂದರನ್ನು ಸೇರುತ್ತಿದ್ದಿತು. ಅಲ್ಲಿ ಹಡಗನ್ನೇರಿ ಮುಂಬಯಿಗೂ, ಮುಂಬಯಿಯಿಂದ ಇಂಗ್ಲೆಂಡಿನ ಗಿರಣಿಗಳಿಗೂ ಹೋಗುತ್ತಿದ್ದಿತು. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧವು ನಡೆದು ಆ ದೇಶದ ಹತ್ತಿ ದುರ್ಲಭವಾದಾಗ ಈ ವ್ಯಾಪಾರವು ಮತ್ತಷ್ಟು ಹಬ್ಬಿತು. ಪೇಟೆಯಲ್ಲಿ ಆ ಸರಕಿಗೆ ನಿಂತ ಹೆಸರು ಕುಮಟಾ ಹತ್ತಿ. ಕುಮಟೆಯದಾದರೋ ಭತ್ತ ತೆಂಗುಗಳ ನೆಲ. ಅಘನಾಶಿನಿಯ ಉಪ್ಪುನೀರು ನುಗ್ಗುವ ಗಜನಿಗಳಲ್ಲಿ ಕಗ್ಗ ಭತ್ತವಲ್ಲದೆ ಹತ್ತಿಯ ಗಿಡವು ಬೇರೂರಿದ್ದಿಲ್ಲ. ಬೆಳೆದ ನೆಲದಿಂದಲ್ಲ, ನಡೆದುಬಂದ ಹಾದಿಯಿಂದ ಆ ಸರಕಿಗೆ ಹೆಸರು ಬಂದಿತು.

ಗಣಕಯಂತ್ರದೊಳಗಿನ ಕಡತಗಳನ್ನು ಅರಿಯಬಯಸುವವನು ಮೊದಲು ಮನಗಾಣಬೇಕಾದ ಸಂಗತಿಯೂ ಇದೇ. ನಾವು ಒಂದು ಕಡತವನ್ನು ಯಾವ ಹೆಸರಿನಿಂದ ಕರೆಯುತ್ತೇವೆಯೋ ಆ ಹೆಸರು ಕಡತದ ಒಳಗೆ ಇರುವುದಿಲ್ಲ. ಅದು ಕಡತವನ್ನು ಮುಟ್ಟಲು ನಾವು ನಡೆಯುವ ಹಾದಿಯ ಕೊನೆಯ ಮೆಟ್ಟಿಲು ಮಾತ್ರ. ಕಡತದ ಒಡಲು, ಎಂದರೆ ಅದರಲ್ಲಿ ಬರೆದಿಟ್ಟ ಅಕ್ಷರಗಳು, ಮತ್ತೊಂದು ಕಡೆ ಇರುತ್ತವೆ. ಈ ಎರಡರಿಂದಲೂ ಬೇರೆಯಾಗಿ, ಕಡತದ ಅಳತೆಯೆಷ್ಟು, ಒಡೆಯನಾರು, ಯಾರು ಓದಬಹುದು, ಯಾವಾಗ ತಿದ್ದಲ್ಪಟ್ಟಿತು ಎಂಬ ವಿವರಗಳು ಮೂರನೆಯದೊಂದು ಸ್ಥಾನದಲ್ಲಿ ನೆಲೆಸಿರುತ್ತವೆ. ಹೆಸರು, ಒಡಲು, ಸ್ಥಿತಿ ಎಂಬ ಈ ಮೂರನ್ನು ಒಂದೆಂದು ಬಗೆಯುವುದರಿಂದಲೇ ಸಿ ಭಾಷೆಯನ್ನು ಕಲಿಯುವವರಿಗೆ ಅನೇಕ ತೊಡಕುಗಳು ಒದಗುತ್ತವೆ; ಬೇರೆಬೇರೆಯೆಂದು ಒಮ್ಮೆ ಕಂಡುಕೊಂಡರೆ ಆ ತೊಡಕುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ನಮ್ಮ ಕೃಷಿಕರಿಗೆ ಈ ವಿವೇಕವು ಹೊಸತಲ್ಲ. ಹೊನ್ನಾವರದ ಒಬ್ಬ ರೈತನು ತನ್ನ ಗದ್ದೆಯನ್ನು ಮನೆಯಲ್ಲಿ ಒಂದು ಹೆಸರಿನಿಂದ ಕರೆಯುತ್ತಾನೆ. ನೆರೆಯವರು ಅದನ್ನೇ ಮತ್ತೊಂದು ಹೆಸರಿನಿಂದ ಕರೆಯುತ್ತಾರೆ. ಸರಕಾರದ ದಫ್ತರದಲ್ಲಾದರೋ ಅದಕ್ಕೆ ಸರ್ವೆ ನಂಬರು, ಹಿಸ್ಸಾ ನಂಬರುಗಳೇ ಗುರುತು. ಆ ನಂಬರಿನ ಎದುರಿಗೆ ಪಹಣಿಯಲ್ಲಿ ಎಕರೆ ಗುಂಟೆಗಳ ವಿಸ್ತೀರ್ಣ, ಖಾತೆದಾರನ ಹೆಸರು, ಬೆಳೆ, ಋಣ ಇವೆಲ್ಲವೂ ಬರೆಯಲ್ಪಟ್ಟಿರುತ್ತವೆ. ಪಹಣಿಯು ಭೂಮಿಯಲ್ಲ, ಅದರಲ್ಲಿ ಒಂದು ಹಿಡಿ ಮಣ್ಣೂ ಇಲ್ಲ. ಆದರೂ ಗದ್ದೆಯೊಳಗೆ ಕಾಲಿಡದೆಯೇ ಗದ್ದೆಯ ವಿಚಾರವನ್ನು ತಿಳಿಯಲು ಅದೇ ಸಾಧನ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರವು 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. 15 ರೂಪಾಯಿ ಶುಲ್ಕ ಕೊಟ್ಟು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪಹಣಿಯನ್ನು ಪಡೆಯುವುದು ಆಗ ಸಾಧ್ಯವಾಯಿತು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂಬ ಕ್ರಮದಲ್ಲಿ ಒಂದೊಂದೇ ಬಾಗಿಲನ್ನು ತೆರೆಯುತ್ತ ಹೋದರೆ ಕೊನೆಗೆ ಬೇಕಾದ ಪಹಣಿಯು ಕಣ್ಣೆದುರು ನಿಲ್ಲುವುದು.

ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿಯೂ, ಅದರ ಜಾಡಿನಲ್ಲಿ ಹುಟ್ಟಿದ ಲಿನಕ್ಸಿನಲ್ಲಿಯೂ ಪಹಣಿಯ ಸ್ಥಾನದಲ್ಲಿರುವುದು ಐನೋಡ್ ಎಂಬ ಚಿಕ್ಕ ದಾಖಲೆ. ಪ್ರತಿಯೊಂದು ಕಡತಕ್ಕೂ ಒಂದು ಐನೋಡ್. ಪ್ರತಿಯೊಂದು ಐನೋಡಿಗೂ ಒಂದು ಸಂಖ್ಯೆ. ಡೈರೆಕ್ಟರಿಯೆಂಬುದು ಹೆಸರುಗಳ ಎದುರಿಗೆ ಈ ಸಂಖ್ಯೆಗಳನ್ನು ಬರೆದಿಟ್ಟ ಪಟ್ಟಿ. ಒಂದೇ ಸರ್ವೆ ನಂಬರು ಭಟ್ಕಳದ ಒಂದು ಗ್ರಾಮದಲ್ಲಿಯೂ ಕುಮಟೆಯ ಮತ್ತೊಂದು ಗ್ರಾಮದಲ್ಲಿಯೂ ಇರಬಹುದಾದ್ದರಿಂದ ಗ್ರಾಮದ ಹೆಸರಿಲ್ಲದೆ ನಂಬರು ಸಾರ್ಥಕವಾಗದು. ಹಾಗೆಯೇ ಒಂದೇ ಐನೋಡ್ ಸಂಖ್ಯೆಯು ಎರಡು ಡಿಸ್ಕುಗಳಲ್ಲಿ ಇರಬಹುದಾದ್ದರಿಂದ, ಯಾವ ಉಪಕರಣದ ಮೇಲಿನ ಸಂಖ್ಯೆ ಎಂಬುದನ್ನೂ ಜೊತೆಗೆ ಹೇಳಬೇಕಾಗುತ್ತದೆ. ಎರಡು ಹಾದಿಗಳು ಒಂದೇ ಕಡತವನ್ನು ಮುಟ್ಟುತ್ತವೆಯೇ ಎಂಬ ಸಂಶಯ ಬಂದರೆ ಈ ಜೋಡಿಯನ್ನು ಹೋಲಿಸಿ ನೋಡಬೇಕು. ಉಪಕರಣವೂ ಸಂಖ್ಯೆಯೂ ಒಂದೇ ಆದರೆ ಕಡತವೂ ಒಂದೇ.

ಈ ಐನೋಡಿನಲ್ಲಿರುವುದನ್ನು ಸಿ ಪ್ರೋಗ್ರಾಮಿಗೆ ತಿಳಿಸುವ ಕರೆಯೇ ಸ್ಟ್ಯಾಟ್. ಅದು ಬಹಳ ಹಳೆಯ ಕರೆ. 1971ರ ನವೆಂಬರ್ 3ರ ದಿನಾಂಕವನ್ನು ಹೊತ್ತ ಯುನಿಕ್ಸಿನ ಪ್ರಥಮ ಕೈಪಿಡಿಯಲ್ಲಿಯೇ ಅದರ ವಿವರಣೆಯಿದೆ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಇವರು ಬೆಲ್ ಪ್ರಯೋಗಶಾಲೆಯಲ್ಲಿ ಅದನ್ನು ರೂಪಿಸಿದಾಗ ಸಿ ಭಾಷೆಯು ಇನ್ನೂ ಸಿದ್ಧವಾಗಿರಲಿಲ್ಲ. ಅಂದು ಅದು ತುಂಬಿಕೊಡುತ್ತಿದ್ದ ವಿವರವು 34 ಬೈಟುಗಳಷ್ಟು; ಇಂದಿನ 64 ಬಿಟ್ಟಿನ ಇಂಟೆಲ್ ಜಾತಿಯ ಲಿನಕ್ಸ್ ಗಣಕದಲ್ಲಿ ಅದು 144 ಬೈಟು. ಐವತ್ತು ವರ್ಷಗಳನ್ನು ಮೀರಿ ಪ್ರಶ್ನೆಯ ರೂಪವು ಬದಲಾಗದೆ, ಉತ್ತರದ ನಮೂನೆ ಮಾತ್ರ ದೊಡ್ಡದಾದುದು ಆ ವಿನ್ಯಾಸದ ಗಟ್ಟಿತನವನ್ನು ಸಾರುತ್ತದೆ.

ಕರೆಯುವ ಕ್ರಮವೂ ಸರಳ. ಪ್ರೋಗ್ರಾಮು ಎರಡು ವಸ್ತುಗಳನ್ನು ಒಪ್ಪಿಸಬೇಕು: ಕಡತದ ಹಾದಿ, ಮತ್ತು ಒಂದು ಖಾಲಿ ನಮೂನೆಯು ಇರುವ ವಿಳಾಸ. ವ್ಯವಸ್ಥೆಯು ಹಾದಿಯನ್ನು ಹಿಡಿದು ಹೋಗಿ, ಐನೋಡನ್ನು ಕಂಡು, ಆ ನಮೂನೆಯ ಅಂಕಣಗಳನ್ನು ತುಂಬಿ, ಸೊನ್ನೆಯನ್ನು ಮರಳಿಸುವುದು. ನಮೂನೆಯನ್ನು ನಾವೇ ಒದಗಿಸಬೇಕೆಂಬುದು ಮುಖ್ಯ. ಕಲಿಯುವವರು ಎಷ್ಟೋ ವೇಳೆ ನಮೂನೆಗೆ ಸ್ಥಳವನ್ನೇ ಕೊಡದೆ, ಎಲ್ಲಿಗೂ ತೋರಿಸದ ಒಂದು ಪಾಯಿಂಟರನ್ನು ಮಾತ್ರ ಒಪ್ಪಿಸಿಬಿಡುತ್ತಾರೆ. ಕಾಗದವನ್ನೇ ಕೊಡದೆ ಪಹಣಿಯ ನಕಲನ್ನು ಬರೆದುಕೊಡೆಂದು ಕೇಳಿದಂತೆ ಅದು ಆಗುತ್ತದೆ. ಕರೆಯು ವಿಫಲವಾದರೆ ಬರುವ ಉತ್ತರವು ಋಣ ಒಂದು, ಕಾರಣದ ಸಂಕೇತವು ಬೇರೆ ಜಾಗದಲ್ಲಿ: ಅಂಥ ಕಡತವಿಲ್ಲವೆಂದೋ, ಹಾದಿಯ ನಡುವಣ ಬಾಗಿಲೊಂದು ನಿನಗೆ ಮುಚ್ಚಿದೆಯೆಂದೋ. ಈ ಉತ್ತರವನ್ನು ನೋಡದೆ ನಮೂನೆಯನ್ನು ಓದತೊಡಗಿದರೆ ಅಲ್ಲಿ ಕಾಣುವುದು ಹಿಂದಿನ ಯಾವುದೋ ಲೆಕ್ಕದ ಉಳಿಕೆ. ಅದನ್ನು ನಂಬಿ ನಡೆದ ಪ್ರೋಗ್ರಾಮು ಎಲ್ಲಿ ಬೀಳುವುದೆಂದು ಬರೆದವನೂ ಹೇಳಲಾರನು.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು. ಕಡತವನ್ನು ಓದುವ ಹಕ್ಕು ನಮಗೆ ಇಲ್ಲದಿದ್ದರೂ ಅದರ ಸ್ಥಿತಿಯನ್ನು ಕೇಳಬಹುದು. ಬೇಕಾದುದು ಹಾದಿಯಲ್ಲಿನ ಪ್ರತಿಯೊಂದು ಡೈರೆಕ್ಟರಿಯ ಮೂಲಕ ಹಾಯ್ದುಹೋಗುವ ಅನುಮತಿ ಮಾತ್ರ. ಪರರ ಗದ್ದೆಗೆ ಕಾಲಿಡುವ ಹಕ್ಕು ನಮಗಿಲ್ಲ; ಆದರೆ ಅದರ ಪಹಣಿಯನ್ನು ಪಡೆಯಲು ಅಡ್ಡಿಯಿಲ್ಲ.

ಈಗ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡೋಣ. ಒಂದು ಲಿನಕ್ಸ್ ಗಣಕದಲ್ಲಿ ಹೊನ್ನಾವರ, ಕುಮಟಾ, ಭಟ್ಕಳ ಎಂಬ ಮೂರು ಹೆಸರುಗಳನ್ನು ಕನ್ನಡದಲ್ಲಿ, ಸಾಲಿಗೊಂದರಂತೆ ಬರೆದು ಕಡತವಾಗಿ ಉಳಿಸಿದೆವೆನ್ನಿ. ಅದರ ಅಳತೆಯನ್ನು ಸ್ಟ್ಯಾಟ್ ಕರೆಯಿಂದ ಕೇಳಿದರೆ ಬರುವ ಉತ್ತರ 57. ಕಣ್ಣಿಗೆ ಕಾಣುವ ಅಕ್ಷರಗಳಾದರೋ ಹೊನ್ನಾವರದಲ್ಲಿ ನಾಲ್ಕು, ಕುಮಟೆಯಲ್ಲಿ ಮೂರು, ಭಟ್ಕಳದಲ್ಲಿ ಮೂರು, ಒಟ್ಟು ಹತ್ತೇ. ಉಳಿದುದು ಎಲ್ಲಿಂದ ಬಂದಿತು? ಯುನಿಕೋಡಿನ ಲೆಕ್ಕದಲ್ಲಿ ಮೂಲಾಕ್ಷರ, ಸ್ವರಚಿಹ್ನೆ, ವಿರಾಮ ಇವು ಪ್ರತ್ಯೇಕ ಘಟಕಗಳು. 'ಹೊನ್ನಾವರ' ಎಂಬುದರಲ್ಲಿ ಹಕಾರ, ಒಕಾರದ ಚಿಹ್ನೆ, ನಕಾರ, ವಿರಾಮ, ಮತ್ತೊಂದು ನಕಾರ, ಆಕಾರದ ದೀರ್ಘ, ವಕಾರ, ರಕಾರ ಎಂದು ಎಂಟು ಘಟಕಗಳಿವೆ. ಯುಟಿಎಫ್-8 ಎಂಬ ಬರಹಕ್ರಮದಲ್ಲಿ ಕನ್ನಡದ ಪ್ರತಿಯೊಂದು ಘಟಕಕ್ಕೂ ಮೂರು ಬೈಟುಗಳು ಬೇಕಾದುದರಿಂದ ಹೊನ್ನಾವರಕ್ಕೆ 24, ಐದೈದು ಘಟಕಗಳುಳ್ಳ ಕುಮಟಾ ಭಟ್ಕಳಗಳಿಗೆ 15ರಂತೆ 30, ಸಾಲು ಮುರಿಯುವ ಗುರುತುಗಳಿಗೆ 3, ಕೂಡಿದರೆ 57. ಸ್ಟ್ಯಾಟ್ ಹೇಳುವ ಅಳತೆಯು ಬೈಟುಗಳದ್ದೇ ಹೊರತು ಅಕ್ಷರಗಳದ್ದಲ್ಲ. ಇಂಗ್ಲಿಷಿನಲ್ಲಿ ಮಾತ್ರ ಬರೆಯುವವನಿಗೆ ಈ ಭೇದವು ಕಣ್ಣಿಗೆ ಬೀಳದೆಯೇ ಹೋಗಬಹುದು. ಕನ್ನಡಿಗನಿಗೆ ಮೊದಲನೆಯ ದಿನವೇ ಎದುರಾಗುತ್ತದೆ. ಕಡತದ ಹೆಸರಿಗೆ ಲಿನಕ್ಸ್ ಸಾಮಾನ್ಯವಾಗಿ ಅನುಮತಿಸುವ 255 ಬೈಟುಗಳ ಮಿತಿಯೂ ಕನ್ನಡದಲ್ಲಿ 85 ಘಟಕಗಳಿಗೆ ಮುಗಿದುಹೋಗುತ್ತದೆ.

ಅದೇ ನಮೂನೆಯಲ್ಲಿ ಕಡತವು ಆಕ್ರಮಿಸಿದ ಜಾಗವನ್ನು 512 ಬೈಟುಗಳ ತುಂಡುಗಳಲ್ಲಿ ಹೇಳುವ ಅಂಕಣವೊಂದಿದೆ. ನಮ್ಮ 57 ಬೈಟುಗಳ ಕಡತಕ್ಕೆ ಅಲ್ಲಿ ಸಾಧಾರಣವಾಗಿ 8 ಎಂದು ಕಾಣುವುದು, ಎಂದರೆ 4096 ಬೈಟು. ಡಿಸ್ಕಿನ ನೆಲವನ್ನು ವ್ಯವಸ್ಥೆಯು ಇಡಿಯ ಪಟ್ಟಿಗಳಾಗಿ ಹಂಚುವುದರಿಂದ ಒಂದು ಹಿಡಿ ಬೀಜಕ್ಕೂ ಒಂದು ಪೂರ್ಣ ಪಟ್ಟಿಯೇ ಮೀಸಲಾಗುತ್ತದೆ.

ಕಡತದ ಜಾತಿಯನ್ನೂ ಹಕ್ಕುಗಳನ್ನೂ ಒಂದೇ ಸಂಖ್ಯೆಯಲ್ಲಿ ಅಡಗಿಸಿರುವುದು ಈ ನಮೂನೆಯ ಮತ್ತೊಂದು ಚೆಲುವು. ನಮ್ಮ ಕಡತಕ್ಕೆ ಆ ಅಂಕಣದಲ್ಲಿ 33188 ಎಂಬ ಸಂಖ್ಯೆ ದೊರೆತಿತೆನ್ನಿ. ಇದರಲ್ಲಿ 32768 ಎಂಬ ಪಾಲು ಇದು ಸಾಧಾರಣ ಕಡತವೆಂದು ಸಾರುವುದು. ಉಳಿದ 420ನ್ನು ಎಂಟರ ಎಣಿಕೆಯಲ್ಲಿ ಬರೆದರೆ 644. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂಬ ಲೆಕ್ಕದಲ್ಲಿ ಮೊದಲಿನ 6 ಒಡೆಯನಿಗೆ ಓದು ಬರಹಗಳೆರಡನ್ನೂ, ಮುಂದಿನ 4 ಅವನ ಗುಂಪಿಗೆ ಓದನ್ನು, ಕೊನೆಯ 4 ಉಳಿದವರಿಗೆಲ್ಲ ಓದನ್ನು ಕೊಡುತ್ತವೆ. ಸಾಧಾರಣ ಕಡತ, ಡೈರೆಕ್ಟರಿ, ಎರಡು ಬಗೆಯ ಉಪಕರಣಗಳು, ಪೈಪು, ಸಾಕೆಟ್ಟು, ಸಾಂಕೇತಿಕ ಕೊಂಡಿ ಎಂದು ಪೋಸಿಕ್ಸ್ ಪ್ರಮಾಣವು ಏಳು ಜಾತಿಗಳನ್ನು ಗುರುತಿಸುತ್ತದೆ.

ಇವುಗಳಲ್ಲಿ ಸಾಂಕೇತಿಕ ಕೊಂಡಿಯು ವಿಶೇಷ ವಿಚಾರಕ್ಕೆ ಅರ್ಹವಾದುದು. ಹೆದ್ದಾರಿಯಲ್ಲಿ ಹೊನ್ನಾವರವನ್ನು ದಾಟಿ ದಕ್ಷಿಣಕ್ಕೆ ಹೋಗುವವನಿಗೆ ಅಪ್ಸರಕೊಂಡದ ದಾರಿಯನ್ನು ತೋರಿಸುವ ಕೈಮರವು ಅಪ್ಸರಕೊಂಡವಲ್ಲವಷ್ಟೆ. ಸಾಂಕೇತಿಕ ಕೊಂಡಿಯೂ ಅಂಥ ಕೈಮರ. ಸ್ಟ್ಯಾಟ್ ಎಂದು ಕೇಳಿದರೆ ವ್ಯವಸ್ಥೆಯು ಕೈಮರವನ್ನು ಅನುಸರಿಸಿ ಹೋಗಿ, ಅದು ತೋರಿಸಿದ ಕಡತದ ಸ್ಥಿತಿಯನ್ನು ತರುವುದು. ಎಲ್‌ಸ್ಟ್ಯಾಟ್ ಎಂದು ಕೇಳಿದರೆ ಕೈಮರದ ಬಳಿಯೇ ನಿಂತು ಅದರ ಸ್ಥಿತಿಯನ್ನೇ ಹೇಳುವುದು. ಆಗ ದೊರೆಯುವ ಅಳತೆಯೆಂದರೆ ಆ ಹಲಗೆಯ ಮೇಲೆ ಬರೆದ ಹಾದಿಯ ಬೈಟುಗಳ ಸಂಖ್ಯೆ. ತೋರಿಸಿದ ಊರೇ ಅಳಿದುಹೋಗಿದ್ದರೆ ಸ್ಟ್ಯಾಟ್ ವಿಫಲವಾಗುವುದು, ಎಲ್‌ಸ್ಟ್ಯಾಟ್ ಫಲಿಸುವುದು.

ಸಾಂಕೇತಿಕವಲ್ಲದ ಕೊಂಡಿಯ ಸಂಗತಿ ಬೇರೆ. ಶರಾವತಿಯ ಮುಖದಲ್ಲಿ ನಿಂತ ಊರನ್ನು ನಾವು ಹೊನ್ನಾವರವೆಂದೆವು. 14ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಇಬ್ನ್ ಬತೂತನು ಹಿನಾವರ್ ಎಂದನು. ಪೋರ್ಚುಗೀಸರು ಓನೋರ್ ಎಂದರು. ಈ ಮೂರರಲ್ಲಿ ಯಾವುದೂ ಮತ್ತೊಂದರ ಕೈಮರವಲ್ಲ. ಮೂರೂ ಸಮನಾಗಿ ಆ ನೆಲವನ್ನೇ ಮುಟ್ಟುವ ಹೆಸರುಗಳು. ಒಂದು ಐನೋಡಿಗೂ ಹೀಗೆ ಅನೇಕ ಹೆಸರುಗಳಿರಬಹುದು, ಮತ್ತು ಎಷ್ಟಿವೆ ಎಂಬ ಎಣಿಕೆಯನ್ನು ಐನೋಡ್ ತನ್ನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಓದುಗರು ಮೇಲಿನ ಕಡತಕ್ಕೆ ಓನೋರ್ ಎಂಬ ಎರಡನೆಯ ಹೆಸರನ್ನು ಕೊಟ್ಟು ನೋಡಬಹುದು: ಎಣಿಕೆಯು 2 ಆಗುವುದು, ಐನೋಡ್ ಸಂಖ್ಯೆಯು ಕದಲದು. ಮೊದಲಿನ ಹೆಸರನ್ನು ಅಳಿಸಿದರೆ ಎಣಿಕೆಯು 1ಕ್ಕೆ ಇಳಿಯುವುದು, 57 ಬೈಟುಗಳು ಹಾಗೆಯೇ ಇರುವುವು. ಕಡತವನ್ನು 'ಅಳಿಸುವುದು' ಎಂದು ನಾವು ಹೇಳುವ ಕ್ರಿಯೆಯು ವಾಸ್ತವವಾಗಿ ಒಂದು ಹೆಸರನ್ನು ಬಿಡಿಸುವುದು ಮಾತ್ರ. ಕೊನೆಯ ಹೆಸರೂ ಹೋಗಿ, ಅದನ್ನು ತೆರೆದು ಹಿಡಿದಿರುವ ಪ್ರೋಗ್ರಾಮುಗಳೆಲ್ಲ ಕೈಬಿಟ್ಟಮೇಲೆಯೇ ಒಡಲಿನ ನೆಲವು ಬಿಡುಗಡೆಯಾಗುವುದು.

ಇನ್ನು ಕಾಲದ ಮಾತು. ಸ್ಟ್ಯಾಟ್ ಮೂರು ವೇಳೆಗಳನ್ನು ತಿಳಿಸುತ್ತದೆ: ಕಡತವನ್ನು ಕೊನೆಗೆ ಓದಿದ ವೇಳೆ, ಒಡಲನ್ನು ಕೊನೆಗೆ ತಿದ್ದಿದ ವೇಳೆ, ಐನೋಡನ್ನು ಕೊನೆಗೆ ಬದಲಾಯಿಸಿದ ವೇಳೆ. ಮೂರನೆಯದನ್ನು ಕಡತ ಹುಟ್ಟಿದ ವೇಳೆಯೆಂದು ತಿಳಿಯುವುದು ಬಹು ಸಾಮಾನ್ಯವಾದ ತಪ್ಪು. ಅಘನಾಶಿನಿಯ ಗಜನಿಯೊಂದರಲ್ಲಿ ಕಗ್ಗವನ್ನು ಬಿಟ್ಟು ಸಿಗಡಿಯನ್ನು ಸಾಕಿದರೆ ನೆಲದ ಒಡಲೇ ಬದಲಾಯಿತು. ಅದು ಪಹಣಿಯಲ್ಲಿಯೂ ಕಾಣಬೇಕು. ತಂದೆಯಿಂದ ಮಗನಿಗೆ ಖಾತೆ ಬದಲಾವಣೆಯಾದರೆ ಪಹಣಿ ಮಾತ್ರ ಬದಲಾಯಿತು. ನೆಲದಲ್ಲಿ ಕಗ್ಗವು ಎಂದಿನಂತೆ ತೂಗುತ್ತಿರುತ್ತದೆ. ಹಕ್ಕನ್ನೋ ಒಡೆಯನನ್ನೋ ಬದಲಾಯಿಸಿದಾಗ ಮೂರನೆಯ ವೇಳೆ ಮಾತ್ರ ಮುಂದೆ ಸರಿಯುವುದು ಇದೇ ನ್ಯಾಯದಿಂದ. ಹುಟ್ಟಿದ ವೇಳೆಯ ಕಥೆ ಸ್ವಾರಸ್ಯವಾದುದು: 1971ರ ಮೂಲನಮೂನೆಯಲ್ಲಿ ಅದು ಇದ್ದಿತು, ಮುಂದಿನ ಆವೃತ್ತಿಗಳಲ್ಲಿ ಬಿಟ್ಟುಹೋಯಿತು, ಮತ್ತು 2017ರಲ್ಲಿ ಲಿನಕ್ಸ್ 4.11ರೊಡನೆ ಬಂದ ಸ್ಟ್ಯಾಟ್‌ಎಕ್ಸ್ ಎಂಬ ಹೊಸ ಕರೆಯಲ್ಲಿ ಮರಳಿ ಸೇರಿಕೊಂಡಿತು.

ಈ ವೇಳೆಗಳೆಲ್ಲ ಒಂದು ಆದಿಬಿಂದುವಿನಿಂದ ಎಣಿಸಿದ ಸೆಕೆಂಡುಗಳು. ಆ ಬಿಂದುವು 1970ರ ಜನವರಿ 1ರ ಗ್ರೀನಿಚ್ ನಡುರಾತ್ರಿ. ನಮ್ಮ ಕರಾವಳಿಯಲ್ಲಿ ಅಂದು ಬೆಳಗಿನ 5 ಗಂಟೆ 30 ನಿಮಿಷ. ಅಲ್ಲಿಂದ ಸರಿಯಾಗಿ 1400 ದಿನಗಳು ಕಳೆದ ಬೆಳಗ್ಗೆ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಧರಿಸಿತು. ಅಂದಿನ 5.30ರ ವೇಳೆಯನ್ನು ಯುನಿಕ್ಸಿನ ಎಣಿಕೆಯಲ್ಲಿ ಬರೆದರೆ 12,09,60,000. ಹೆಸರು ಬದಲಾಯಿತು, ಶರಾವತಿ, ಅಘನಾಶಿನಿಗಳು ತಮ್ಮ ಪಾತ್ರದಲ್ಲಿಯೇ ಹರಿದುವು. 32 ಬಿಟ್ಟುಗಳಲ್ಲಿ ಈ ಎಣಿಕೆಯನ್ನು ಇಡುವ ಹಳೆಯ ವ್ಯವಸ್ಥೆಗಳಿಗೆ 2038ರ ಜನವರಿ 19ರ ಬೆಳಿಗ್ಗೆ, ನಮ್ಮ ಗಡಿಯಾರದಲ್ಲಿ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಪಾತ್ರೆ ತುಂಬುವುದು. ಅದಕ್ಕಾಗಿಯೇ 64 ಬಿಟ್ಟುಗಳ ಪಾತ್ರೆಯನ್ನು ಈಗಾಗಲೇ ಬಳಕೆಗೆ ತಂದಿದ್ದಾರೆ.

ಭಟ್ಕಳದಲ್ಲಿ 1980ರಲ್ಲಿ ಅಂಜುಮನ್ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ಅದರ ಪಾಠಕ್ರಮವೇ ಅಲ್ಲಿಗೂ ಬಂದಿತು, ಮತ್ತು ಆ ಪಾಠಕ್ರಮದ ಮೂಲಕ ಸಿ ಭಾಷೆಯೂ ಯುನಿಕ್ಸಿನ ಕರೆಗಳೂ ಕಡಲತಡಿಯ ವಿದ್ಯಾರ್ಥಿಗಳ ಕೈಗೆ ದೊರೆತುವು. ಆ ವಿದ್ಯಾರ್ಥಿಗಳಿಗೆ ಈ ಅಧ್ಯಾಯದ ಕೊನೆಯ ವಿಚಾರವನ್ನು ತಿಳಿಸಲು ಪುಸ್ತಕಕ್ಕಿಂತ ಅವರ ಕಡಲೇ ಉತ್ತಮ ಗುರುವೆಂದು ನನ್ನ ನಂಬಿಕೆ.

ಇಬ್ನ್ ಬತೂತನು ಹೊನ್ನಾವರದಲ್ಲಿ ಹುಡುಗಿಯರ 13 ಮತ್ತು ಹುಡುಗರ 23 ಶಾಲೆಗಳನ್ನು ಕಂಡೆನೆಂದು ಬರೆದನು. ಆ ಮಾತು ಅವನು ಕಂಡ ಗಳಿಗೆಗೆ ಸಲ್ಲುವುದು. ಅದನ್ನು ನೂರು ವರ್ಷಗಳ ಅನಂತರ ಓದಿದವನು ಆ ಊರಿಗೆ ಹೋಗಿ ಅಷ್ಟೇ ಶಾಲೆಗಳನ್ನು ನಿರೀಕ್ಷಿಸುವಂತಿಲ್ಲ. ಗಣಕದಲ್ಲಿ ನೂರು ವರ್ಷಗಳು ಬೇಕಾಗಿಲ್ಲ, ಸೆಕೆಂಡಿನ ಅಲ್ಪಾಂಶವೇ ಸಾಕು. ಒಂದು ಪ್ರೋಗ್ರಾಮು ಹೆಸರನ್ನು ಹಿಡಿದು ಸ್ಟ್ಯಾಟ್ ಮಾಡಿ, ಇದು ಸಾಧಾರಣ ಕಡತ, ಇಂಥವನೇ ಇದರ ಒಡೆಯ ಎಂದು ದೃಢಪಡಿಸಿಕೊಂಡು, ಬಳಿಕ ಅದೇ ಹೆಸರಿನಿಂದ ಅದನ್ನು ತೆರೆಯಹೋಗುವ ನಡುವಣ ಕ್ಷಣದಲ್ಲಿ, ದುರುದ್ದೇಶವುಳ್ಳ ಮತ್ತೊಬ್ಬನು ಆ ಹೆಸರನ್ನು ಬಿಡಿಸಿ, ಗುಪ್ತಕಡತವೊಂದರ ಕಡೆಗೆ ತೋರುವ ಕೈಮರವನ್ನು ಅಲ್ಲಿ ನೆಟ್ಟುಬಿಡಬಹುದು. ಪರೀಕ್ಷಿಸಿದ್ದು ಒಂದು, ತೆರೆದದ್ದು ಮತ್ತೊಂದು. ಗಣಕಗಳ ಸುರಕ್ಷತೆಗೆ ಅನೇಕ ಸಲ ಭಂಗ ಬಂದುದು ಈ ಸಣ್ಣ ಬಿರುಕಿನಿಂದ.

ಇದಕ್ಕೆ ಪರಿಹಾರವು ಕ್ರಮವನ್ನು ತಿರುಗಿಸುವುದರಲ್ಲಿದೆ. ಮೊದಲು ಕಡತವನ್ನು ತೆರೆಯಬೇಕು. ತೆರೆದಾಗ ವ್ಯವಸ್ಥೆಯು ಫೈಲ್ ಡಿಸ್ಕ್ರಿಪ್ಟರ್ ಎಂಬ ಸಣ್ಣ ಸಂಖ್ಯೆಯೊಂದನ್ನು ಕೊಡುತ್ತದೆ. ಅದು ಹೆಸರಿಗಲ್ಲ, ಐನೋಡಿಗೇ ಕಟ್ಟಿದ ಹಗ್ಗ. ಆ ಹಗ್ಗವನ್ನು ಹಿಡಿದು ಎಫ್‌ಸ್ಟ್ಯಾಟ್ ಎಂಬ ಮತ್ತೊಂದು ಕರೆಯಿಂದ ಸ್ಥಿತಿಯನ್ನು ಕೇಳಿದರೆ, ಹೊರಗೆ ಹೆಸರುಗಳು ಹೇಗೆಯೇ ಅದಲುಬದಲಾಗಲಿ, ಉತ್ತರವು ನಮ್ಮ ಕೈಯಲ್ಲಿರುವ ಕಡತದ್ದೇ ಆಗಿರುವುದು. ಮನಸ್ಸಿಗೆ ಬಂದರೆ ಓದಬಹುದು, ಸಂಶಯ ಬಂದರೆ ಮುಚ್ಚಿಬಿಡಬಹುದು.

ಶರಾವತಿಯ ಅಳಿವೆಯಲ್ಲಿ ಮರಳದಿಬ್ಬವು ಒಂದೆಡೆ ನಿಲ್ಲುವುದಿಲ್ಲ. ಮಳೆಗಾಲದ ನೆರೆಯೂ ಕಡಲಿನ ಉಬ್ಬರ ಇಳಿತಗಳೂ ಅದನ್ನು ಸರಿಸುತ್ತಲೇ ಇರುತ್ತವೆ. ನಿನ್ನೆ ಆಳವಿದ್ದ ಜಾಗದಲ್ಲಿ ಇಂದು ದೋಣಿಯ ತಳ ತಾಗಬಹುದು. ದಡದ ಮೇಲಿಂದ ನೀರಿನ ಬಣ್ಣವನ್ನು ನೋಡಿ ಹೊರಡಬೇಕೋ ಬೇಡವೋ ಎಂದು ಎಣಿಸುವುದು ಅಗತ್ಯವೇ. ಆದರೆ ಅಳಿವೆಯನ್ನು ದಾಟುವ ಗಳಿಗೆಯಲ್ಲಿ ದೋಣಿಯವನು ದಡದ ನೋಟವನ್ನು ನಂಬದೆ, ದೋಣಿಯಿಂದಲೇ ಗಳವನ್ನು ನೀರಿಗಿಳಿಸಿ, ತಾನು ತೇಲುತ್ತಿರುವ ಆ ನೀರಿನ ಆಳವನ್ನೇ ಅಳೆಯುತ್ತಾನೆ.